ಬಜಗೋಳಿಯಲ್ಲಿ ಕಾಂಪ್ಲೆಕ್ಸ್ ಕಟ್ಟುವ ಮೊದಲು, ರೂಮ್ ಹಿಡಿಯುವ ಮೊದಲು: ಅಡಿಯಲ್ಲಿರುವ ಜಾಗ ಯಾವುದು?

ಬಜಗೋಳಿ: ಪೇಟೆಯಲ್ಲಿ ಹೊಸ ಕಟ್ಟಡ ಏಳುವಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ರೂಮಿಗೆ ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಆ ಕಟ್ಟಡ ನಿಂತಿರುವ ಜಾಗ ವರ್ಗದ್ದಾ, ಡಿಕ್ಲರೇಶನ್‌ದ್ದಾ, ಕುಮ್ಕಿಯಾ, ರಸ್ತೆ ಮಧ್ಯದಿಂದ ಎಷ್ಟು ದೂರ ಉಂಟು ಅಂತ ಕೇಳುವವರು ಕಡಿಮೆ. ಆದರೆ ನಾಳೆ ಬ್ಯಾಂಕಿನವರು ಕೇಳುವುದು ಅದನ್ನೇ. ರಸ್ತೆ ಅಗಲ ಮಾಡುವಾಗ ಸರ್ವೆಯವರು ಕೇಳುವುದೂ ಅದನ್ನೇ. ಕಟ್ಟುವವರಿಗೆ, ಕೊಳ್ಳುವವರಿಗೆ, ಬಾಡಿಗೆಗೆ ಕೂರುವವರಿಗೆ ಮೂವರಿಗೂ ಉಪಯೋಗ ಆಗಲಿ ಅಂತ ಈ ಮಾಹಿತಿಯನ್ನು ಒಂದೇ ಕಡೆ ಕೊಡುತ್ತಿದ್ದೇವೆ. ಬೇಕಾದಾಗ ತೆಗೆದು ನೋಡಲು ಉಳಿಸಿಕೊಳ್ಳಿ.

ಪೇಟೆಗೆ ಬೆಲೆ ಬಂದದ್ದು ರಸ್ತೆಯಿಂದ

ಮುಡಾರು ಗ್ರಾಮ ಪಂಚಾಯತ್ ವ್ಯಾಪ್ತಿಯ ಬಜಗೋಳಿ ದೊಡ್ಡ ಊರಲ್ಲ. ಆದರೆ ಇಲ್ಲಿ ರಸ್ತೆಗಳು ಕೂಡುತ್ತವೆ. ಕಾರ್ಕಳದಿಂದ ಬಂದ ರಾಷ್ಟ್ರೀಯ ಹೆದ್ದಾರಿ 169 ಇಲ್ಲಿಂದ ಮಾಳ ಗೇಟ್, ಎಸ್.ಕೆ. ಬಾರ್ಡರ್ ದಾಟಿ ಶೃಂಗೇರಿ ಕಡೆಗೆ ಹತ್ತುತ್ತದೆ, ಕುದುರೆಮುಖಕ್ಕೆ ಹೋಗುವವರಿಗೂ ಇದೇ ದಾರಿ. ಇನ್ನೊಂದು ರಸ್ತೆ ಹೊಸ್ಮಾರು, ನಾರಾವಿ, ಗುರುವಾಯನಕೆರೆ ಮೇಲೆ ಧರ್ಮಸ್ಥಳಕ್ಕೆ ಹೋಗುತ್ತದೆ. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ಘನ ವಾಹನ ನಿಲ್ಲಿಸಿದಾಗಲೆಲ್ಲ ಬದಲಿ ಮಾರ್ಗದ ಆದೇಶದಲ್ಲಿ ಕಾರ್ಕಳ, ಬಜಗೋಳಿ, ಮಾಳ ಅಂತ ಹೆಸರು ಬರುತ್ತದೆ. ಚಾ, ಊಟ, ಪಂಚರ್, ಮೆಡಿಕಲ್, ಹಾರ್ಡ್‌ವೇರ್ ಎಲ್ಲದಕ್ಕೂ ಸುತ್ತಲಿನ ಗ್ರಾಮದವರು ಬಂದು ಇಳಿಯುವ ಜಾಗ ಇದು.

ಹಳೆ ಪೇಟೆ ಅಂದರೆ ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಎದುರಿಗೆ ಮರದ ಹಲಗೆಯ ಬಾಗಿಲು. ಅಂಥ ಕಟ್ಟಡ ಒಂದೊಂದೇ ಹೋಗಿ ಶಟರ್‌ನ ಕಾಂಕ್ರೀಟ್ ಕಟ್ಟಡ ಬರುವುದು ಕರಾವಳಿಯ ಎಲ್ಲ ಸಣ್ಣ ಪೇಟೆಗಳ ಕತೆ. ಇದರ ಹಿಂದೆ ಮುಂಬಯಿ ಹೊಟೇಲಿನ ದುಡ್ಡು ಉಂಟು, ಗಲ್ಫ್ ದುಡ್ಡು ಉಂಟು, ರಬ್ಬರ್, ಅಡಿಕೆಯ ದುಡ್ಡೂ ಉಂಟು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ರಸ್ತೆ ಬದಿಯ ತೋಟ, ಗದ್ದೆ ಮೇಲೆ ಹೊರಗಿನವರ ಕಣ್ಣು ಬೀಳಲು ಇದೂ ಒಂದು ಕಾರಣ. ಆದರೆ ಕೊಳ್ಳಬಹುದು ಅಂದ ಮಾತ್ರಕ್ಕೆ ಕಟ್ಟಬಹುದು ಅಂತ ಅಲ್ಲ. ಅಲ್ಲೇ ತುಂಬ ಜನ ಎಡವುವುದು.

ವರ್ಗ, ಡಿಕ್ಲರೇಶನ್, ಕುಮ್ಕಿ, ಪೊರಂಬೋಕು

ನಮ್ಮ ಜಿಲ್ಲೆಯ ಜಾಗದ ಲೆಕ್ಕ ಬೆಂಗಳೂರಿನವರಿಗೆ ಅರ್ಥ ಆಗುವುದಿಲ್ಲ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಕೈಯಲ್ಲಿತ್ತು. 1997ರ ಆಗಸ್ಟ್ 25ರಂದು ಉಡುಪಿ ಬೇರೆ ಜಿಲ್ಲೆ ಆಯಿತು. ಆದರೂ ಹಳೆ ಶಬ್ದ, ಹಳೆ ಹಕ್ಕು ಹಾಗೆಯೇ ಉಳಿದಿವೆ. ಒಂದೇ ಸಾಲಿನಲ್ಲಿರುವ ಎರಡು ಅಂಗಡಿಯ ಅಡಿಯಲ್ಲಿ ಎರಡು ಬೇರೆ ಬೇರೆ ನಮೂನೆಯ ಜಾಗ ಇರಬಹುದು.

ವರ್ಗ ಜಾಗ ಅಂದರೆ ಪಟ್ಟಾ ಇರುವ, ಹಿಂದಿನಿಂದ ಬಂದ ಸ್ವಂತ ಜಾಗ. ಎಲ್ಲಕ್ಕಿಂತ ಸಲೀಸು ಇದು. ವಿಭಾಗ ಆಗಿದೆಯಾ, ಅಕ್ಕ ತಂಗಿಯರ ಸಹಿ ಉಂಟಾ, ಅಳಿಯಕಟ್ಟಿನ ಕುಟುಂಬ ಆದರೆ ಯಾರ್ಯಾರಿಗೆ ಪಾಲು ಉಂಟು ಅಂತ ನೋಡಿಕೊಂಡರೆ ಸಾಕು. "ಸಾಕು" ಅಂತ ಬರೆದದ್ದು ಸುಲಭ. ಕುಟುಂಬದ ಒಂದು ಸಹಿಗಾಗಿ ವರ್ಷಗಟ್ಟಲೆ ನಿಂತ ಕಟ್ಟಡ ಯಾವ ಪೇಟೆಯಲ್ಲಿಲ್ಲ ಹೇಳಿ.

ಡಿಕ್ಲರೇಶನ್ ಜಾಗ ಅಂದರೆ ಗೇಣಿದಾರರಾಗಿದ್ದವರಿಗೆ ಭೂನ್ಯಾಯ ಮಂಡಳಿಯಿಂದ ಸಿಕ್ಕಿದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ 7ನೇ ನಮೂನೆ ಅರ್ಜಿ ಹಾಕಿ ಗೆದ್ದ ಜಾಗ. ನಮ್ಮ ತಾಲೂಕಿನಲ್ಲಿ ಇದು ಬೇಕಾದಷ್ಟು ಉಂಟು. ಈ ಜಾಗವನ್ನು ಮಂಡಳಿಯ ಅಂತಿಮ ಆದೇಶ ಆಗಿ 15 ವರ್ಷ ಮಾರಬಾರದು ಅಂತ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಹೆಚ್ಚಿನವರಿಗೆ ಆ ಅವಧಿ ಎಂದೋ ಮುಗಿದಿದೆ. ಆದರೆ ಕೇಸು ಮೇಲೆ ಹೋಗಿ ತಡವಾಗಿ ತೀರ್ಮಾನ ಆದವರೂ ಇದ್ದಾರೆ. ಹಾಗಾಗಿ ಆದೇಶದ ತಾರೀಕು ನೋಡಬೇಕು, ಬಾಯಿ ಮಾತು ಕೇಳಿದರೆ ಆಗುವುದಿಲ್ಲ.

ದರ್ಖಾಸ್ತು ಅಥವಾ ಅಕ್ರಮ ಸಕ್ರಮದಲ್ಲಿ ಸಿಕ್ಕಿದ ಜಾಗಕ್ಕೆ ಮಂಜೂರಾತಿ ಆದೇಶದಲ್ಲೇ ಷರತ್ತು ಬರೆದಿರುತ್ತದೆ. ಎಷ್ಟು ವರ್ಷ ಮಾರಬಾರದು, ಎಂತದಕ್ಕೆ ಉಪಯೋಗಿಸಬೇಕು ಎಂಬುದನ್ನು ಆ ಆದೇಶದ ನಕಲು ತೆಗೆದು ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಾಗ ಆದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಇಲ್ಲ. 2023ರ ತಿದ್ದುಪಡಿಯ ನಂತರ ಜಾಗ ವಾಪಸ್ ಕೇಳಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಎಷ್ಟೇ ಕಡಿಮೆ ಬೆಲೆಗೆ ಸಿಗಲಿ, ಅನುಮತಿ ಪತ್ರ ಕಾಣದೆ ಇಂಥ ಜಾಗದ ಮೇಲೆ ಕಟ್ಟಡ ಕಟ್ಟುವುದು ದುಡ್ಡನ್ನು ಹೊಳೆಗೆ ಹಾಕಿದ ಹಾಗೆ.

ಇನ್ನು ಕುಮ್ಕಿ. ಹಳೆ ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತೆಗೆಯುವ, ದನ ಮೇಯಿಸುವ ಸವಲತ್ತು ವರ್ಗದಾರರಿಗೆ ಉಂಟು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಕಲಂ ಇದನ್ನು ಉಳಿಸಿಕೊಟ್ಟಿದೆ. ಆದರೆ ಜಾಗ ಸರಕಾರದ್ದೇ. ಮಾರುವ ಹಾಗಿಲ್ಲ, ಬಾಡಿಗೆ ಕಟ್ಟಡ ಕಟ್ಟುವ ಹಾಗಿಲ್ಲ. ಕುಮ್ಕಿಗೆ ಪೂರ್ಣ ಹಕ್ಕು ಕೊಡುತ್ತೇವೆ ಎಂಬ ಭಾಷಣ ಚುನಾವಣೆ ಬಂದಾಗಲೆಲ್ಲ ಕೇಳುತ್ತೇವೆ. ಭಾಷಣ ತೋರಿಸಿದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಸರಕಾರಿ ಜಾಗದಲ್ಲಿ ಕಟ್ಟಿದ್ದನ್ನು 94ಸಿ ಯಲ್ಲಿ ಸಕ್ರಮ ಮಾಡಿಕೊಳ್ಳಬಹುದಲ್ಲ ಅಂತ ಕೆಲವರು ಹೇಳುತ್ತಾರೆ. 94ಸಿ ಇರುವುದು ವಾಸದ ಮನೆಗೆ. ಅಂಗಡಿ, ಗೋದಾಮು ಅದರಲ್ಲಿ ಬರುವುದಿಲ್ಲ.

ರಸ್ತೆ ಪೊರಂಬೋಕು ಅಂದರೆ ರಸ್ತೆಗೆ ಬಿಟ್ಟ ಸರಕಾರಿ ಜಾಗ. ಅಲ್ಲಿರುವ ಗೂಡಂಗಡಿ, ತಗಡಿನ ಶೆಡ್, ಕಟ್ಟಡದ ಎದುರು ಮುಂದಕ್ಕೆ ಚಾಚಿದ ಶೀಟ್ ಎಲ್ಲ ಇದ್ದಷ್ಟು ದಿನ ಇದ್ದ ಹಾಗೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ, ಅದರಲ್ಲಿ ಗುರುತಿನ ಚೀಟಿ, ಸಮಿತಿ, ಬದಲಿ ಜಾಗ ಎಲ್ಲ ಉಂಟು. ಆದರೆ ಅದು ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳನ್ನು ಇಟ್ಟುಕೊಂಡು ಮಾಡಿದ ಕಾಯ್ದೆ. ಕಾರ್ಕಳ ಪುರಸಭೆಯ ವ್ಯಾಪ್ತಿಯ ತಳ್ಳುಗಾಡಿಯವರಿಗೆ ಸಿಗುವ ಆಧಾರ ಗ್ರಾಮ ಪಂಚಾಯತ್‌ನ ಬಜಗೋಳಿಯ ಗೂಡಂಗಡಿಯವರಿಗೆ ಸಿಗುವುದಿಲ್ಲ. ಪೇಟೆ ಬೆಳೆದರೂ ಕಾನೂನಿನ ಲೆಕ್ಕದಲ್ಲಿ ಇದು ಹಳ್ಳಿಯೇ. ಇದು ಸರಿ ಅಂತ ನನಗೆ ಅನಿಸುವುದಿಲ್ಲ. ಹೆದ್ದಾರಿ ಬದಿಯ ಪೇಟೆಗಳಿಗಾದರೂ ಪಂಚಾಯತ್ ಮಟ್ಟದಲ್ಲಿ ಒಂದು ವ್ಯವಸ್ಥೆ ಬೇಕು.

ಘಟ್ಟದ ಬುಡದ ಊರು ಆದ್ದರಿಂದ ಡೀಮ್ಡ್ ಫಾರೆಸ್ಟ್ ಒಂದನ್ನು ನೋಡಿಕೊಳ್ಳಲೇಬೇಕು. ಕಂದಾಯ ದಾಖಲೆಯಲ್ಲಿ ಹಾಡಿ, ಗುಡ್ಡ ಅಂತ ಇದ್ದದ್ದು ಅರಣ್ಯದ ಪಟ್ಟಿಯಲ್ಲೂ ಇರಬಹುದು. ರಾಜ್ಯ ಸರಕಾರ 2022ರಲ್ಲಿ ಈ ಪಟ್ಟಿಯನ್ನು 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷಕ್ಕೆ ಇಳಿಸಿತು. ನಿಮ್ಮ ಸರ್ವೆ ನಂಬರ್ ಯಾವ ಕಡೆ ಬಿತ್ತು ಅಂತ ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಬೇಕು. ಕಸ್ತೂರಿರಂಗನ್ ವರದಿ ಬಗ್ಗೆ ಮಾಳದ ಕಡೆಯವರಿಗೆ ಹೆದರಿಕೆ ಉಂಟು. ಆ ಕರಡು ಅಧಿಸೂಚನೆ ಕೊನೆಗೆ ಬಂದದ್ದು 2024ರ ಜುಲೈ 31ಕ್ಕೆ. ಕಟ್ಟಡದ ಮಟ್ಟಿಗೆ ಅದರಲ್ಲಿರುವ ನಿಷೇಧ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ. ನಮ್ಮ ಎಂಟು, ಹತ್ತು ರೂಮಿನ ಕಾಂಪ್ಲೆಕ್ಸ್ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಕನ್ವರ್ಷನ್ ಆಯ್ತು, 9/11 ಆಗಿಲ್ಲ

ಕೃಷಿ ಜಾಗದಲ್ಲಿ ಅಂಗಡಿ ಕಟ್ಟಬೇಕಾದರೆ ಭೂಪರಿವರ್ತನೆ ಆಗಬೇಕು. ಇದು ಭೂಕಂದಾಯ ಕಾಯ್ದೆಯ 95ನೇ ಕಲಂ. ಹಳೆ ದಕ್ಷಿಣ ಕನ್ನಡಕ್ಕೆ ಇದರಲ್ಲಿ ಒಂದು ಪ್ರತ್ಯೇಕ ಸವಲತ್ತು ಉಂಟು. ವರ್ಗದಾರರು ತಹಶೀಲ್ದಾರರಿಗೆ ಮುಂಚಿತವಾಗಿ ನಿಗದಿತ ನಮೂನೆಯಲ್ಲಿ ನೋಟಿಸ್ ಕೊಟ್ಟು, ಶುಲ್ಕ ಕಟ್ಟಿ ಜಾಗವನ್ನು ಬೇರೆ ಉಪಯೋಗಕ್ಕೆ ತಿರುಗಿಸಬಹುದು. ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗಕ್ಕೆ, ಮಂಜೂರಾದ ಜಾಗಕ್ಕೆ ಆ ಸವಲತ್ತು ಇಲ್ಲ, ಮಾಮೂಲಿ ಅನುಮತಿಯೇ ಬೇಕು. ಮೇಲೆ ಜಾಗದ ನಮೂನೆ ಬಗ್ಗೆ ಅಷ್ಟುದ್ದ ಬರೆದದ್ದು ಇದಕ್ಕೇ.

ಪರಿವರ್ತನೆ ಆದೇಶದಲ್ಲಿ ಉದ್ದೇಶ ಎಂತ ಬರೆದಿದೆ ಅಂತ ಓದಿ. ವಾಸಕ್ಕೆ ಅಂತ ಮಾಡಿಸಿ ಕೆಳಗೆ ನಾಲ್ಕು ಶಟರ್ ಇಡುವುದು ಎಲ್ಲ ಕಡೆ ನಡೆಯುತ್ತದೆ. ಪಂಚಾಯತ್‌ನಲ್ಲಿ ಲೈಸನ್ಸ್ ಕೇಳುವಾಗ, ಬ್ಯಾಂಕಿಗೆ ಹೋದಾಗ ಅದು ಎದುರು ಬರುತ್ತದೆ. ವಾಣಿಜ್ಯಕ್ಕೆ ಅಂತಲೇ ಮಾಡಿಸಬೇಕು.

ಅದು ಆದ ಮೇಲೆ ವಿನ್ಯಾಸ ನಕ್ಷೆಗೆ ಅನುಮೋದನೆ. ಒಂದೇ ನಿವೇಶನ ಆದರೂ ಬೇಕು. ಇಲ್ಲಿ "ಸಿಂಗಲ್ ಲೇಔಟ್" ಅಂತ ಹೇಳುವುದು ಇದನ್ನೇ. ಜಾಗ ಯೋಜನಾ ಪ್ರಾಧಿಕಾರದ ಒಳಗಿದ್ದರೆ ಪ್ರಾಧಿಕಾರದಲ್ಲಿ, ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ. ನಂತರ ಪಂಚಾಯತ್‌ನ ಇ-ಸ್ವತ್ತುವಿನಲ್ಲಿ ನಮೂನೆ 9 ಮತ್ತು 11ಎ. ಎಲ್ಲರ ಬಾಯಲ್ಲಿ ಇದು ನೈನ್ ಇಲೆವೆನ್. ಇದಿಲ್ಲದೆ ನಿವೇಶನ, ಕಟ್ಟಡ ರಿಜಿಸ್ಟ್ರಿ ಆಗುವುದಿಲ್ಲ. 11ಬಿ ಅಂತ ಇನ್ನೊಂದು ಉಂಟು. ಪರಿವರ್ತನೆ, ನಕ್ಷೆ ಸರಿ ಇಲ್ಲದ ಆಸ್ತಿಗೆ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ದಾಖಲೆ ಅದು. ದಲ್ಲಾಳಿಗಳು "ಖಾತೆ ಉಂಟು" ಅಂದಾಗ 11ಎಯೋ 11ಬಿಯೋ ಅಂತ ಕೇಳಿ. ಒಂದು ಅಕ್ಷರದಲ್ಲಿ ಸಾಲ ಸಿಗುವುದು ಬಿಡುವುದು ನಿಂತಿದೆ.

ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಮೊದಲು ಆಗಬೇಕು. ಕೊನೆಗೆ ಕಟ್ಟಡ ಪರವಾನಗಿ. ಇದನ್ನು ಕೊಡುವುದು ಗ್ರಾಮ ಪಂಚಾಯತ್, ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ ಪ್ರಕಾರ. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗಕ್ಕೆ ಕೆಲಸ ಮುಗಿದ ಮೇಲೆ ಶಟರ್ ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ಗಿರಾಕಿಯ ಕಾರು ರಸ್ತೆಯಲ್ಲಿ, ಬಸ್ಸು ಅದರ ಹಿಂದೆ, ಎಲ್ಲರೂ ಬೈಯುವುದು ಬಸ್ಸಿನವನಿಗೆ.

ರಸ್ತೆ ಮಧ್ಯದಿಂದ ಟೇಪ್ ಹಿಡಿಯಿರಿ

ಹೆದ್ದಾರಿ ಬದಿಯಲ್ಲಿ ಮೂರು ಗೆರೆ ಉಂಟು, ಮೂರನ್ನೂ ಒಂದೇ ಅಂತ ತಿಳಿದುಕೊಂಡರೆ ಕಷ್ಟ.

ಮೊದಲನೆಯದು ರಸ್ತೆಯ ಗಡಿ. ಡಾಮರು ಮುಗಿದಲ್ಲಿ ರಸ್ತೆ ಮುಗಿಯುವುದಿಲ್ಲ. ಚರಂಡಿ, ಅದರಾಚೆಯ ಮಣ್ಣಿನ ಪಟ್ಟಿಯೂ ಇಲಾಖೆಯದ್ದೇ. ಅದರೊಳಗೆ ಕಟ್ಟಿದ್ದನ್ನು ತೆಗೆಯಲು 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆಯಲ್ಲಿ ಅಧಿಕಾರ ಉಂಟು. ಎರಡನೆಯದು ಕಟ್ಟಡ ರೇಖೆ. ಜಾಗ ನಿಮ್ಮದೇ ಆದರೂ ಇದರ ಒಳಗೆ ಕಟ್ಟಡ ಬರಬಾರದು ಅಂತ ಹೇಳುವ ಗೆರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶದ ರಾಷ್ಟ್ರೀಯ ಹೆದ್ದಾರಿಗೆ ಇದು ರಸ್ತೆ ಮಧ್ಯದಿಂದ 40 ಮೀಟರ್, ಹೆಚ್ಚುಕಡಿಮೆ 131 ಅಡಿ. ಜಿಲ್ಲಾ ಮುಖ್ಯ ರಸ್ತೆಗೆ 25 ಮೀಟರ್. ಮೂರನೆಯದು ನಿಯಂತ್ರಣ ರೇಖೆ, ಹೆದ್ದಾರಿಗೆ 75 ಮೀಟರ್. ಕಟ್ಟಡ ರೇಖೆಯಿಂದ ಇಲ್ಲಿಯವರೆಗೆ ಕಟ್ಟಬಹುದು, ಆದರೆ ಇಲಾಖೆಯ ಒಪ್ಪಿಗೆ ಬೇಕು.

ಪೇಟೆಯ ಒಳಗೆ, ಗುಡ್ಡ ಪ್ರದೇಶದಲ್ಲಿ ಈ ಅಳತೆ ಕಡಿಮೆ. 40 ಮೀಟರ್ ನಿಯಮ ಹಿಡಿದರೆ ಬಜಗೋಳಿ ಪೇಟೆಯ ಅರ್ಧ ಉಳಿಯುವುದಿಲ್ಲ ಅಂತ ಯಾರಿಗೂ ಗೊತ್ತು. ಹಾಗಾದರೆ ನಿಮ್ಮ ಜಾಗಕ್ಕೆ ಎಷ್ಟು? ಅದನ್ನು ಹೇಳಬೇಕಾದವರು ರಾಷ್ಟ್ರೀಯ ಹೆದ್ದಾರಿ ವಿಭಾಗದ ಎಂಜಿನಿಯರ್‌ಗಳು, ಹೇಳಬೇಕಾದ್ದು ಬರಹದಲ್ಲಿ. "ಪಕ್ಕದವರು ಕಟ್ಟಿದ್ದಾರೆ, ನನಗೂ ಆಗುತ್ತದೆ" ಎಂಬ ಲೆಕ್ಕ ಬೇಡ. ಪಕ್ಕದವರ ಕಟ್ಟಡ ಹಳೆಯದಿರಬಹುದು, ನಿಯಮಕ್ಕಿಂತ ಮೊದಲಿನದಿರಬಹುದು. ಹೊಸ ಕಟ್ಟಡದಿಂದ ಹೆದ್ದಾರಿಗೆ ವಾಹನ ಇಳಿಯುವ ದಾರಿ ಇಡಲು ಕೂಡ ಅನುಮತಿ ಬೇಕು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2020ರ ಜೂನ್‌ನಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಪೆಟ್ರೋಲ್ ಬಂಕಿನವರಿಗೆ ಇದು ಬಾಯಿಪಾಠ, ಕಾಂಪ್ಲೆಕ್ಸ್ ಕಟ್ಟುವವರಿಗೆ ಗೊತ್ತಿರುವುದು ಕಡಿಮೆ.

ರಸ್ತೆಗೆ ಜಾಗ ಹೋದರೆ? ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರ ಪ್ರಕಾರ ಮೊದಲು 3ಎ ಅಧಿಸೂಚನೆ. ಅದು ಪತ್ರಿಕೆಯಲ್ಲೂ ಬರುತ್ತದೆ, ಸಣ್ಣ ಅಕ್ಷರದಲ್ಲಿ, ಸರ್ವೆ ನಂಬರ್ ಸಮೇತ. ಅಲ್ಲಿಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ನಂತರ 3ಡಿ ಆದರೆ ಜಾಗ ಕೇಂದ್ರ ಸರಕಾರದ್ದಾಗುತ್ತದೆ. 3ಜಿ ಯಲ್ಲಿ ಪರಿಹಾರ ನಿಗದಿ. 2015ರಿಂದ ಈ ಪರಿಹಾರದ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಸೂತ್ರ ಅನ್ವಯ, ಅಂದರೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 100 ಸಾಂತ್ವನ ಧನವೂ ಸೇರುತ್ತದೆ. ಮಾರುಕಟ್ಟೆ ಬೆಲೆ ನೋಡುವುದು 3ಎ ಪ್ರಕಟವಾದ ದಿನಕ್ಕೆ. ಆ ದಿನ ಜಾಗ ಆರ್‌ಟಿಸಿಯಲ್ಲಿ ಕೃಷಿ ಅಂತಲೇ ಇದ್ದರೆ, ಮೇಲೆ ಎರಡಂತಸ್ತಿನ ಕಟ್ಟಡ ಇದ್ದರೂ ಜಾಗಕ್ಕೆ ಕೃಷಿ ದರ ಅಂತ ಲೆಕ್ಕ ಹಾಕುವ ಅಪಾಯ ಉಂಟು. ಇದೇ ಹೆದ್ದಾರಿಯ ಸಾಣೂರು ಬಿಕರ್ನಕಟ್ಟೆ ನಡುವಿನ 45 ಕಿ.ಮೀ. ಚತುಷ್ಪಥದಲ್ಲಿ ಪರಿಹಾರದ ದರದ ಜಗಳ ವರ್ಷಗಟ್ಟಲೆ ಎಳೆದು ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ಈ ಭಾಗದವರು ಹತ್ತಿರದಿಂದ ನೋಡಿದ್ದಾರೆ. ಕನ್ವರ್ಷನ್ ಶುಲ್ಕ ಉಳಿಸಲು ಹೋದವರಿಗೆ ಎಷ್ಟು ನಷ್ಟ ಆಗಬಹುದು ಅಂತ ಅಲ್ಲಿಯವರನ್ನು ಕೇಳಿ.

ಇನ್ನೊಂದು ಸಂಗತಿ ಯಾವ ಕಾಯ್ದೆಯಲ್ಲೂ ಇಲ್ಲ, ಮಳೆಯಲ್ಲಿ ಉಂಟು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುತ್ತದೆ. ಹೆದ್ದಾರಿ ಮರುಡಾಮರು, ಅಗಲೀಕರಣ ಆದಾಗಲೆಲ್ಲ ರಸ್ತೆ ಮಟ್ಟ ಏರುತ್ತದೆ, ಅಂಗಡಿ ನೆಲ ಅಲ್ಲೇ ಇರುತ್ತದೆ. ಆಮೇಲೆ ಆಷಾಢದಲ್ಲಿ ಅಂಗಡಿ ಎದುರು ಕಂಬಳದ ಗದ್ದೆ. ಹೊಸದಾಗಿ ಕಟ್ಟುವವರು ಈಗಿನ ರಸ್ತೆಗಿಂತ ಎರಡು, ಎರಡೂವರೆ ಅಡಿ ಎತ್ತರಕ್ಕೆ ನೆಲ ಇಟ್ಟು, ಮೆಟ್ಟಿಲು ತಮ್ಮ ಜಾಗದ ಒಳಗೇ ಮಾಡಿಕೊಂಡರೆ ಒಳ್ಳೆಯದು. ಚರಂಡಿ ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿದರೆ ನೀರು ಪಕ್ಕದ ಅಂಗಡಿಗೆ ಹೋಗುತ್ತದೆ. ಪಕ್ಕದವರ ಜೊತೆ ಮಾತು ಬಿಡುವುದಕ್ಕೆ ಇಷ್ಟು ಸಾಕಲ್ಲ.

ಬಾಡಿಗೆಗೆ ಕೂತವರ ಕೈಯಲ್ಲಿ ಎಂತ ಉಂಟು?

ಪೇಟೆ ಹೊಸದಾಗುವಾಗ ಲಾಭ ಜಾಗದ ಮಾಲಕರಿಗೆ. ಕಷ್ಟ ಮೊದಲು ಬರುವುದು ಹಳೆ ಕಟ್ಟಡದ ಬಾಡಿಗೆದಾರರಿಗೆ. ಟೈಲರ್, ಸೆಲೂನ್, ದಿನಸಿ, ಸೈಕಲ್ ರಿಪೇರಿ. ಅಪ್ಪನ ಕಾಲದಲ್ಲಿ ಬಾಯಿ ಮಾತಿಗೆ ಹಿಡಿದ ರೂಮು, ಅಡ್ವಾನ್ಸ್ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ. ಮಗ ಬಂದು "ಕಟ್ಟಡ ತೆಗೀತೇವೆ, ತಿಂಗಳೊಳಗೆ ಬಿಡಿ" ಅಂದರೆ ಎಂತ ಮಾಡುವುದು?

ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅಂತ ಹಲವರು ನಂಬಿದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ನಗರ, ಪಟ್ಟಣಗಳ ಪಟ್ಟಿ ಇಟ್ಟುಕೊಂಡು ಮಾಡಿದ್ದು. ಅಲ್ಲಿ ಕೂಡ ಅಂಗಡಿಗಳಲ್ಲಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಸಣ್ಣ ರೂಮಿಗೆ ಮಾತ್ರ ರಕ್ಷಣೆ. ಬಜಗೋಳಿಯಂಥ ಕಡೆ ನಿಮಗೆ ಅನ್ವಯ ಆಗುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ, ಬರಹದಲ್ಲಿ ಬೇರೆ ಏನೂ ಇಲ್ಲದಿದ್ದರೆ ಅಂಗಡಿ ಬಾಡಿಗೆ ತಿಂಗಳಿಂದ ತಿಂಗಳಿಗೆ. ಬಿಡಿಸಲು 15 ದಿನದ ನೋಟಿಸ್ ಸಾಕು. ಮೂವತ್ತು ವರ್ಷ ಕೂತವರಿಗೂ 15 ದಿನ, ಮೊನ್ನೆ ಬಂದವರಿಗೂ 15 ದಿನ. ಓದಿದಾಗ ನನಗೂ ನಂಬಲು ಕಷ್ಟ ಆಯಿತು, ಆದರೆ ಇರುವುದು ಹಾಗೆ.

ಹಾಗಂತ ನೋಟಿಸ್ ಮುಗಿದ ರಾತ್ರಿ ಬೀಗ ಒಡೆದು ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಬಿಡದಿದ್ದರೆ ಮಾಲಕರು ಕೋರ್ಟಿಗೆ ಹೋಗಬೇಕು. ಬಲವಂತದಿಂದ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಸ್ವಾಧೀನ ವಾಪಸ್ ಕೇಳಿ ದಾವೆ ಹೂಡಲು ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ ಅವಕಾಶ ಕೊಡುತ್ತದೆ. ನೀವು ಖರ್ಚು ಮಾಡಿ ಹಾಕಿಸಿದ ರ್‍ಯಾಕ್, ಕಪಾಟು, ಎಸಿ, ಬೋರ್ಡ್ ಬಿಡುವ ಮೊದಲು ಬಿಚ್ಚಿಕೊಂಡು ಹೋಗಬಹುದು, ಕಟ್ಟಡ ಮೊದಲಿದ್ದ ಸ್ಥಿತಿಯಲ್ಲಿ ಬಿಟ್ಟುಕೊಟ್ಟರೆ ಆಯಿತು.

11 ತಿಂಗಳ ಕರಾರು ಯಾಕೆ ಅಂತ ಕೇಳುವವರಿಗೆ: ಒಂದು ವರ್ಷ ಮೀರಿದ ಗೇಣಿ ಕರಾರು ಕಡ್ಡಾಯವಾಗಿ ರಿಜಿಸ್ಟರ್ ಆಗಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಮಾಲಕರಿಗೆ ಇದು ಅನುಕೂಲ. ಆದರೆ ಐದಾರು ಲಕ್ಷ ಹಾಕಿ ಇಂಟೀರಿಯರ್ ಮಾಡಿಸಿ ಬೇಕರಿಯೋ ಮೊಬೈಲ್ ಅಂಗಡಿಯೋ ಹಾಕುವವರು 11 ತಿಂಗಳ ಕಾಗದ ನಂಬಿ ಕೂರುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಐದು ವರ್ಷದ ರಿಜಿಸ್ಟರ್ಡ್ ಕರಾರು ಕೇಳಿ. ಅದರಲ್ಲಿ ಅಡ್ವಾನ್ಸ್ ಮೊತ್ತ, ವಾಪಸ್ ಕೊಡುವ ದಿನ, ವರ್ಷಕ್ಕೆ ಬಾಡಿಗೆ ಏರಿಕೆ ಎಷ್ಟು ಶೇಕಡಾ, ಕಟ್ಟಡ ಕೆಡವಿ ಹೊಸದು ಕಟ್ಟಿದರೆ ಹೊಸದರಲ್ಲಿ ರೂಮು ಸಿಗುತ್ತದಾ ಇಲ್ಲವಾ ಎಂಬುದೆಲ್ಲ ಬರಬೇಕು. ಕೊನೆಯ ಷರತ್ತು ಬಾಯಿ ಮಾತಲ್ಲಿ ಎಲ್ಲರೂ ಕೊಡುತ್ತಾರೆ. ಬರಹದಲ್ಲಿ ಕೇಳಿದಾಗ ನಿಜ ಗೊತ್ತಾಗುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಬಾಡಿಗೆಯನ್ನೂ ಹಾಗೆಯೇ. ಹಳಬರು ಇಂದಿನಿಂದಲೇ ಗೂಗಲ್ ಪೇಯಲ್ಲಾದರೂ ಹಾಕಲು ಶುರು ಮಾಡಿದರೆ ಒಂದು ದಾಖಲೆ ಆಗುತ್ತದೆ.

ರಸ್ತೆಗೆ ಕಟ್ಟಡ ಹೋಗುವಾಗ ಈ ದಾಖಲೆಯ ಬೆಲೆ ಇನ್ನೂ ಹೆಚ್ಚು. ಪರಿಹಾರ ನಿಗದಿ ಮಾಡುವ ಮೊದಲು ಜಾಗದಲ್ಲಿ ಹಿತಾಸಕ್ತಿ ಇರುವ ಎಲ್ಲರಿಂದಲೂ ಅಧಿಕಾರಿ ಹಕ್ಕುಕೋರಿಕೆ ಕರೆಯಬೇಕು. ಗಳಿಕೆಗೆ ಆದ ಹಾನಿ, ವ್ಯಾಪಾರದ ಜಾಗ ಬದಲಿಸುವ ಸಮಂಜಸ ಖರ್ಚನ್ನೂ ಪರಿಗಣಿಸಬೇಕು ಅಂತ 3ಜಿ ಹೇಳುತ್ತದೆ. ಅಂದರೆ ಬಾಡಿಗೆದಾರರೂ ಕೇಳಬಹುದು. ಆದರೆ ಬಾಡಿಗೆ ಕರಾರು, ಪಂಚಾಯತ್‌ನ ವ್ಯಾಪಾರ ಪರವಾನಗಿ, ಮೆಸ್ಕಾಂ ಬಿಲ್, ಜಿಎಸ್‌ಟಿ ಯಾವುದೂ ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ನೀವು ಅಲ್ಲಿ ವ್ಯಾಪಾರ ಮಾಡಿದ್ದೀರಿ ಅಂತ ತೋರಿಸುವುದು ಹೇಗೆ? ಪರವಾನಗಿ ತಂದೆಯ ಹೆಸರಲ್ಲೇ ಉಳಿದಿದ್ದರೆ ಈಗಲೇ ಬದಲಿಸಿಕೊಳ್ಳಿ.

ತೆರಿಗೆ, ರಿಜಿಸ್ಟ್ರಿ ಖರ್ಚು

ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಆಸ್ತಿ ಕೊಂಡರೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 30 ಲಕ್ಷದ ಆಸ್ತಿಗೆ 1,69,500 ಮತ್ತು 60,000, ಒಟ್ಟು 2,29,500 ರೂಪಾಯಿ. ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ.

ಅಂಗಡಿ ಬಾಡಿಗೆಗೆ ಶೇ. 18 ಜಿಎಸ್‌ಟಿ. ಮಾಲಕರ ವಾರ್ಷಿಕ ಆದಾಯ 20 ಲಕ್ಷ ದಾಟದೆ ನೋಂದಣಿ ಇಲ್ಲದಿದ್ದರೆ ಅವರು ಹಾಕುವುದಿಲ್ಲ. ಆದರೆ 2024ರ ಅಕ್ಟೋಬರ್ 10ರಿಂದ ಇಂಥ ಕಡೆ, ಅಂಗಡಿಯವರು ಜಿಎಸ್‌ಟಿ ನೋಂದಣಿ ಇದ್ದವರಾದರೆ ಅವರೇ ಕಟ್ಟಬೇಕು. 15,000 ಬಾಡಿಗೆಗೆ 2,700 ರೂಪಾಯಿ. ರೆಗ್ಯುಲರ್ ನೋಂದಣಿಯವರಿಗೆ ಇನ್‌ಪುಟ್ ಸಿಗುತ್ತದೆ. ಕಂಪೋಸಿಶನ್‌ನವರನ್ನು 2025ರ ಜನವರಿ 16ರಿಂದ ಇದರಿಂದ ಬಿಟ್ಟಿದ್ದಾರೆ. ನಿಮ್ಮ ಲೆಕ್ಕಪತ್ರದವರಿಗೆ ಇದು ಗೊತ್ತುಂಟಾ ಅಂತ ಒಮ್ಮೆ ಕೇಳಿ ನೋಡಿ.

ರೂಮುಗಳನ್ನು ಬಾಡಿಗೆಗೆ ಕೊಡದೆ ಮಾರುವ ಯೋಜನೆ ಆದರೆ ರೇರಾ ಬರುತ್ತದೆ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ರೂಮು ಇದ್ದರೆ ನೋಂದಣಿ ಆಗದೆ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ರೇರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಲು ಐದು ನಿಮಿಷ ಸಾಕು.

ಕರೆಂಟ್ ಕೊನೆಗೆ ಅಂತ ಬಿಡಬೇಡಿ

ಕಟ್ಟಡ ಎದ್ದಿದೆ, ಪೈಂಟ್ ಆಗಿದೆ, ಉದ್ಘಾಟನೆಗೆ ದಿನ ನೋಡಿ ಆಗಿದೆ, ಮೀಟರ್ ಬಂದಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡಗಳ ಬಗ್ಗೆ ತೀರ್ಪು ಕೊಡುವಾಗ, ಕೆಲಸ ಮುಗಿದ ಪ್ರಮಾಣಪತ್ರ ನೋಡದೆ ವಿದ್ಯುತ್, ನೀರು ಸಂಪರ್ಕ ಕೊಡಬಾರದು ಅಂತ ಹೇಳಿತು. ಅದರ ನಂತರ ರಾಜ್ಯದಲ್ಲಿ ಎಸ್ಕಾಂಗಳು ಬಿಗಿ ಮಾಡಿವೆ. ಸಣ್ಣ ವಾಸದ ಮನೆಗಳಿಗೆ ವಿನಾಯಿತಿಯ ಮಾತು ಬಂದರೂ ವಾಣಿಜ್ಯ ಕಟ್ಟಡ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಪರವಾನಗಿಯಲ್ಲಿ ಎರಡು ಮಹಡಿ ಇದ್ದು ಮೂರು ಕಟ್ಟಿದರೆ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಮೀಟರ್ ಇಲ್ಲ.

ರೂಮ್ ಬುಕ್ ಮಾಡುವವರು ಅಡ್ವಾನ್ಸ್ ಕೊಡುವ ಮೊದಲು ಮಾಲಕರಲ್ಲಿ ಆರ್‌ಟಿಸಿ, ಪರಿವರ್ತನೆ ಆದೇಶ, 9 ಮತ್ತು 11ಎ, ಪಂಚಾಯತ್ ಪರವಾನಗಿ, ಹೆದ್ದಾರಿ ಇಲಾಖೆಯ ಪತ್ರ ಇಷ್ಟರ ಪ್ರತಿ ಕೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಆರ್‌ಟಿಸಿ ಭೂಮಿ ವೆಬ್‌ಸೈಟಿನಲ್ಲೂ, ಋಣಭಾರ ಪತ್ರ ಕಾವೇರಿ ವೆಬ್‌ಸೈಟಿನಲ್ಲೂ ನೀವೇ ತೆಗೆಯಬಹುದು. ಪರವಾನಗಿಯ ಪ್ರತಿ ಮಾಲಕರು ಕೊಡದಿದ್ದರೆ ಪಂಚಾಯತ್ ಪಿಡಿಒಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು.